ವಿಮಾನ ತುಂಬಿದ್ದರೂ ಕಂಪನಿ ಮುಳುಗೋದು ಯಾಕೆ? ಏರ್ ಡೆಕ್ಕನ್ ಬಗ್ಗೆ ಸಿಎ ಸರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇಪ್ಪತ್ತು ವರ್ಷ ವಿಮಾನ ಕಂಪನಿಗಳ ಲೆಕ್ಕ ನೋಡಿ ನಿವೃತ್ತರಾದ ಸಿಎ ಸರ್ ಇವತ್ತು ನಮ್ಮ ಜೊತೆ ಇದ್ದಾರೆ. ಅಗ್ಗದ ಟಿಕೆಟ್‌ನ ವಿಮಾನ ಕಂಪನಿ ಏರ್ ಡೆಕ್ಕನ್ ಬೆಳೆದಿದ್ದು, ಮುಳುಗಿದ್ದು ವಿಷಯ. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಹಾಸನದಿಂದ: ಸರ್, ಡೆಕ್ಕನ್ ಕಟ್ಟಿದ ಕ್ಯಾಪ್ಟನ್ ಗೋಪಿನಾಥ್ ನಮ್ಮ ಗೊರೂರಿನವರು. 1 ರೂಪಾಯಿಗೆ ಟಿಕೆಟ್ ಕೊಟ್ಟಿದ್ದು ನಿಜವಾ?

ಸಿಎ ಸರ್: ನಿಜ. ಆದರೆ ಕೆಲವೇ ಸೀಟು, ಅದೂ ತುಂಬಾ ಮುಂಚೆ ಬುಕ್ ಮಾಡಿದವರಿಗೆ. ತೆರಿಗೆ, ಶುಲ್ಕ ಬೇರೆ. ಹೊರಡುವ ದಿನ ಹತ್ತಿರ ಬಂದಂತೆ ದರ ಏರುತ್ತಿತ್ತು.

2003ರ ಆಗಸ್ಟ್‌ನಲ್ಲಿ ಬೆಂಗಳೂರು–ಹುಬ್ಬಳ್ಳಿಯಿಂದ ಶುರು ಮಾಡಿದರು. 48 ಸೀಟಿನ ಎಟಿಆರ್, ಫ್ಯಾನ್ ತಿರುಗುವ ವಿಮಾನ. ಊಟ ಇಲ್ಲ, ಬೇಕಾದವರು ದುಡ್ಡು ಕೊಟ್ಟು ತಗೋಬೇಕು. ಸೀಟ್ ನಂಬರ್ ಕೂಡ ಇರಲಿಲ್ಲ. ನಾನು ಮೊದಲ ಸಲ ಹತ್ತಿದಾಗ ಮುಂದಿದ್ದ ಯಜಮಾನರು ಹೆಗಲ ಮೇಲಿನ ಟವಲ್ ತೆಗೆದು ಕಿಟಕಿ ಪಕ್ಕದ ಸೀಟಿಗೆ ಹಾಕಿದರು. ಆಮೇಲೆ ಹಿಂದೆ ಬರುತ್ತಿದ್ದ ಹೆಂಡತಿಯನ್ನು ಕೂಗಿ ಕರೆದರು. ಥೇಟ್ ನಮ್ಮ ಕೆಂಪು ಬಸ್ಸು. ನನಗೆ ಇವತ್ತಿಗೂ ಅದನ್ನು ನೆನೆದರೆ ಖುಷಿ ಆಗುತ್ತದೆ. ಅವರು ಮೊದಲು ವಿಮಾನವನ್ನು ತಲೆ ಎತ್ತಿ ನೋಡಿದ್ದಷ್ಟೇ ಇರಬೇಕು.

ಶಿವಮೊಗ್ಗದಿಂದ: ಸರ್, ನಿಂತುಹೋದ ಗೋ ಫಸ್ಟ್ ವಿಮಾನ ಕಂಪನಿಯಲ್ಲಿ ನಾಲ್ಕು ಟಿಕೆಟ್ ಮಾಡಿಸಿದ್ದೆ. ರೀಫಂಡ್ ಯಾವಾಗ ಬರುತ್ತೆ?

ಸಿಎ ಸರ್: 2023ರ ಮೇ 3ರಿಂದ ಅವರ ಹಾರಾಟ ನಿಂತಿದೆ. 2025ರ ಜನವರಿಯಲ್ಲಿ ಕಂಪನಿ ಕೇಸು ನೋಡುವ ನ್ಯಾಯಮಂಡಳಿ ಎನ್‌ಸಿಎಲ್‌ಟಿ ಲಿಕ್ವಿಡೇಶನ್‌ಗೆ, ಅಂದ್ರೆ ಇದ್ದಬದ್ದದ್ದು ಮಾರಿ ಕಂಪನಿ ಮುಚ್ಚಲು, ಆದೇಶ ಕೊಟ್ಟಿದೆ. ದುಡ್ಡು ಬರಬೇಕು ಅಂತ ಕ್ಲೇಮ್ ಹಾಕಿದ್ದರೆ, ಆ ಕೆಲಸ ನೋಡುವ ಲಿಕ್ವಿಡೇಟರ್ ಕಚೇರಿಗೆ ಬರೆದು ಕೇಳಿ. ಆ ದುಡ್ಡು ನಂಬಿ ಬೇರೆ ಲೆಕ್ಕ ಹಾಕಬೇಡಿ.

ಧಾರವಾಡದಿಂದ: ನಮಸ್ಕಾರ ಸರ್. ನಾನು ನಿವೃತ್ತ ಹೈಸ್ಕೂಲ್ ಮಾಸ್ತರ. ನಷ್ಟದಲ್ಲಿರುವ ಒಂದು ವಿಮಾನ ಕಂಪನಿಯ ಷೇರು ಬಹಳ ಅಗ್ಗಕ್ಕೆ ಸಿಗುತ್ತಿದೆ. ಹೊಸ ಹೂಡಿಕೆದಾರರು ಬರುತ್ತಾರೆ, ಹತ್ತು ಪಟ್ಟು ಆಗುತ್ತದೆ ಅಂತ ಗೆಳೆಯರೊಬ್ಬರು ಮೆಸೇಜ್ ಕಳಿಸಿದ್ದಾರೆ. ಅವರ ವಿಮಾನಗಳು ತುಂಬಿಯೇ ಹೋಗುತ್ತವೆ, ಕಣ್ಣಾರೆ ನೋಡಿದ್ದೇನೆ. ಗ್ರ್ಯಾಚುಟಿ ದುಡ್ಡಿನಲ್ಲಿ 6 ಲಕ್ಷ ಹಾಕಲೇ?

ಸಿಎ ಸರ್: ಮೇಷ್ಟ್ರೇ, ಬೇಡ. ನಿಮಗೆ ವಿವರವಾಗಿ ಬರೆಯುತ್ತೇನೆ, ಪೂರ್ತಿ ಓದಿ.

ವಿಮಾನ ತುಂಬಿದೆ ಅಂದ್ರೆ ಲಾಭ ಅಂತಲ್ಲ. ಒಂದು ಸೀಟಿಗೆ ಮೂರು ಸಾವಿರ ಖರ್ಚು ಬಿದ್ದು, ಎರಡೂವರೆ ಸಾವಿರಕ್ಕೆ ಮಾರಿದರೆ, ತುಂಬಿದಷ್ಟೂ ನಷ್ಟ. ಬಾಡಿಗೆ, ಬಿಡಿಭಾಗ, ಎಂಜಿನ್ ರಿಪೇರಿ ಎಲ್ಲಾ ಡಾಲರ್‌ನಲ್ಲಿ. ಟಿಕೆಟ್ ದುಡ್ಡು ರೂಪಾಯಿಯಲ್ಲಿ. ರೂಪಾಯಿ ಜಾರಿದರೆ ಕಂಪನಿಯೂ ಜಾರುತ್ತದೆ. ಇಂಧನದ ಮೇಲೆ ರಾಜ್ಯಗಳ ತೆರಿಗೆ ಬೇರೆ.

ಡೆಕ್ಕನ್‌ಗೆ ಆಗಿದ್ದೂ ಇದೇ. ಸಣ್ಣ ಎಟಿಆರ್, ಸಣ್ಣ ಊರು, ಅಲ್ಲಿಗೆ ಪೈಪೋಟಿ ಇಲ್ಲ. ಆ ಲೆಕ್ಕ ಚೆನ್ನಾಗಿತ್ತು. 2004ರಲ್ಲಿ ದೊಡ್ಡ ಏರ್‌ಬಸ್ ಎ320 ತಂದು ದೆಹಲಿ, ಮುಂಬೈ ಕಡೆ ನುಗ್ಗಿದರು. 2005ರಲ್ಲಿ ಸ್ಪೈಸ್‌ಜೆಟ್, ಗೋಏರ್ (ಆಮೇಲೆ ಗೋ ಫಸ್ಟ್ ಆಗಿದ್ದು ಇದೇ), 2006ರಲ್ಲಿ ಇಂಡಿಗೋ ಬಂದವು. ಎಲ್ಲರೂ ಖರ್ಚಿಗಿಂತ ಕಡಿಮೆಗೆ ಮಾರಿದರು. ನಾಲ್ಕೇ ವರ್ಷದಲ್ಲಿ ಡೆಕ್ಕನ್ 40ಕ್ಕೂ ಜಾಸ್ತಿ ವಿಮಾನ, 60ಕ್ಕೂ ಜಾಸ್ತಿ ಊರು ಮುಟ್ಟಿತು. ಬೆಳೆಯಲು ಬೇಕಾದ ದುಡ್ಡು ಟಿಕೆಟ್‌ನಿಂದ ಹುಟ್ಟಲಿಲ್ಲ. 2006ರಲ್ಲಿ ಸಾರ್ವಜನಿಕರಿಗೆ ಷೇರು ಬಿಟ್ಟಾಗ ಮಾರುಕಟ್ಟೆಯೇ ಕುಸಿದಿತ್ತು.

ನಾನು ಕಣ್ಣಾರೆ ಕಂಡಿದ್ದು ಹೇಳುತ್ತೇನೆ. ಅದು ಡೆಕ್ಕನ್ ಅಲ್ಲ, ಬೇರೆ ಕಂಪನಿ, ಹೆಸರು ಬೇಡ. ಬೆಳಗಿನ ಜಾವ 4 ಗಂಟೆ. ಮೊದಲ ವಿಮಾನ 6ಕ್ಕೆ. ಇಂಧನ ಕೊಡುವವರಿಂದ ಫೋನ್ ಬಂತು: ದುಡ್ಡು ಬಂದಿಲ್ಲ, ಗಾಡಿ ಕಳಿಸಲ್ಲ. ಕಂಪ್ಯೂಟರ್ ಮುಂದೆ ಕೂತು, ಹಿಂದಿನ ದಿನ ಮಾರಿದ ಟಿಕೆಟ್ ದುಡ್ಡು ಖಾತೆಗೆ ಬಂತಾ ಅಂತ ಮತ್ತೆ ಮತ್ತೆ ನೋಡುತ್ತಿದ್ದೆ. ಬಂದ ತಕ್ಷಣ ಅಷ್ಟನ್ನೂ ಇಂಧನಕ್ಕೆ ಕಳಿಸಿದೆ. ಅದು ದೀಪಾವಳಿಗೆ ಊರಿಗೆ ಹೋಗಲು ಯಾರೋ ಎರಡು ತಿಂಗಳು ಮುಂಚೆ ಕೊಟ್ಟ ದುಡ್ಡು. ದೀಪಾವಳಿಗೆ ಮುಂಚೆಯೇ ಕಂಪನಿ ನಿಂತಿತು. ನೀವು ನೋಡಿದ ತುಂಬಿದ ವಿಮಾನದ ಹಿಂದೆ ಇಂಥ ಬೆಳಗಿನ ಜಾವ ಇರಬಹುದು.

ಇನ್ನು ಷೇರಿನ ಮಾತು. ಕಂಪನಿ ಮುಚ್ಚಿದರೆ ಸಿಕ್ಕ ದುಡ್ಡು ಮೊದಲು ಲಿಕ್ವಿಡೇಶನ್ ಖರ್ಚಿಗೆ, ಆಮೇಲೆ ಅಡವು ಇಟ್ಟುಕೊಂಡ ಬ್ಯಾಂಕು, ಕೆಲಸಗಾರರ ಬಾಕಿ, ಅಡವಿಲ್ಲದೆ ಸಾಲ ಕೊಟ್ಟವರು, ಸರ್ಕಾರ, ಉಳಿದ ಬಾಕಿದಾರರಿಗೆ. ಷೇರುದಾರ ಸಾಲಿನ ಕಟ್ಟಕಡೆ. ವಿಮಾನ ಹರಾಜು ಹಾಕೋಣ ಅಂದ್ರೆ ಬಹುಪಾಲು ಬಾಡಿಗೆಯವು. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ಹಾರಾಟ ನಿಲ್ಲಿಸಿತು. ಮತ್ತೆ ಹಾರುತ್ತದೆ ಅಂತ ನಂಬಿ ಆಮೇಲೂ ಜನ ಷೇರು ಕೊಂಡರು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಲಿಕ್ವಿಡೇಶನ್‌ಗೆ ಆದೇಶಿಸಿತು.

ಹಾಕುವ ಮುಂಚೆ ನನಗೊಂದು ಫೋನ್ ಮಾಡಿ.

ತುಮಕೂರಿನಿಂದ: ಫಾರ್ವರ್ಡ್ ಬಂದಿದೆ ಸರ್, ಎಲ್ಲರಿಗೂ ಉಪಯೋಗ ಆಗಲಿ: ಗೋ ಫಸ್ಟ್ ಪ್ರಯಾಣಿಕರು ಈ ಲಿಂಕ್ ಒತ್ತಿ ಬ್ಯಾಂಕ್ ವಿವರ ತುಂಬಿದರೆ 24 ಗಂಟೆಯಲ್ಲಿ ಪೂರ್ತಿ ಹಣ ವಾಪಸ್.

ಸಿಎ ಸರ್: ಅಡ್ಮಿನ್, ತಕ್ಷಣ ತೆಗೆಯಿರಿ. ಇದು ಕಳ್ಳರ ಲಿಂಕ್. ಮುಳುಗಿದ ಕಂಪನಿ 24 ಗಂಟೆಯಲ್ಲಿ ದುಡ್ಡು ಕೊಡುತ್ತದೆಯೇ? ಒತ್ತಿ ವಿವರ ಕೊಟ್ಟವರು ಈಗಲೇ ಬ್ಯಾಂಕಿಗೆ ಹೇಳಿ, ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ಫೋನ್ ಮಾಡಿ. ಓದದೆ ಫಾರ್ವರ್ಡ್ ಮಾಡಬೇಡಿ. ಪಾಪ, ಟಿಕೆಟ್ ದುಡ್ಡು ಹೋದವರ ಖಾತೆಯೂ ಖಾಲಿ ಆಗುತ್ತದೆ.

ಮೈಸೂರಿನಿಂದ: ಮಂಗಳವಾರ ರಾತ್ರಿ 12ಕ್ಕೆ ಬ್ರೌಸರ್‌ನ ಇನ್‌ಕಾಗ್ನಿಟೊದಲ್ಲಿ (ಹಿಂದೆ ಹುಡುಕಿದ್ದು ನೆನಪಿಡದ ಕಿಟಕಿ) ನೋಡಿದರೆ ಟಿಕೆಟ್ ಅರ್ಧ ದರ ಅಂತೆ, ಹೌದಾ?

ಸಿಎ ಸರ್: ಇಲ್ಲ. ಮುಂಚೆ ಬುಕ್ ಮಾಡಿ.

ಕಲಬುರಗಿಯಿಂದ: ಮಗಳಿಗೆ ಗಗನಸಖಿ ಕೋರ್ಸ್ ಸೇರಿಸಬೇಕು, ಯಾವುದು ಒಳ್ಳೆಯದು ಸರ್?

ಬೆಂಗಳೂರಿನಿಂದ: ಡೆಕ್ಕನ್ ಕೊಂಡು ಮುಳುಗಿಸಿದ್ದು ಕಿಂಗ್‌ಫಿಶರ್‌ನ ಮಲ್ಯ. ಇದರಲ್ಲಿ ಪ್ರಶ್ನೆಯೇ ಇಲ್ಲ.

ಮಂಗಳೂರಿನಿಂದ: ಮಾರಿದವರು ಯಾರು ಮಾರಾಯ್ರೆ? ಕೊಂಡವರನ್ನು ಮಾತ್ರ ಬೈದರೆ ಹೇಗೆ?

ಹಾಸನದಿಂದ: ಗೋಪಿನಾಥ್ ಬಗ್ಗೆ ಹಗುರವಾಗಿ ಮಾತಾಡಬೇಡಿ. ಸೈನ್ಯದಲ್ಲಿದ್ದವರು, ಹಳ್ಳಿಯವರನ್ನು ವಿಮಾನ ಹತ್ತಿಸಿದವರು.

ಮಂಗಳೂರಿನಿಂದ: ಹತ್ತಿಸಿದ್ದು ಸರಿ. ನನ್ನ ಅಪ್ಪನ ಷೇರು ದುಡ್ಡು ಇಳಿಸಿದ್ದೂ ಅದೇ ಕಂಪನಿಗಳು.

ಹುಬ್ಬಳ್ಳಿಯಿಂದ: ಅಲ್ರೀ, ಮೊದಲ ವಿಮಾನ ನಮ್ಮ ಊರಿಗೆ ಬಂತು. ಆಮೇಲೆ ಎಲ್ಲ ದೊಡ್ಡ ಊರಿಗೇ ಹೋಯಿತು. ಅದನ್ನ ಯಾರೂ ಕೇಳಂಗಿಲ್ಲ.

ಬೆಂಗಳೂರಿನಿಂದ: ಬೆಂಗಳೂರಿನವರು ದುಡ್ಡು ಕೊಟ್ಟಿದ್ದಕ್ಕೇ ನಿಮ್ಮೂರಿಗೆ ಬಂತು.

ಅಡ್ಮಿನ್: ದಯವಿಟ್ಟು ಊರು ಊರಿನ ಜಗಳ ಬೇಡ.

ಸಿಎ ಸರ್: ಇಬ್ಬರೂ ಅರ್ಧ ಹೇಳುತ್ತಿದ್ದೀರಿ. 2007ರಲ್ಲಿ ಡೆಕ್ಕನ್‌ಗೆ ದುಡ್ಡು ಬೇಕಿತ್ತು. ಮಲ್ಯ ಅವರ ಯುಬಿ ಗ್ರೂಪ್ 26% ಷೇರನ್ನು ಸುಮಾರು 550 ಕೋಟಿಗೆ ತಗೊಂಡಿತು. ಆಗ ವಿದೇಶಕ್ಕೆ ಹಾರಲು 5 ವರ್ಷದ ಅನುಭವ, 20 ವಿಮಾನ ಇರಬೇಕಿತ್ತು. ಕಿಂಗ್‌ಫಿಶರ್ ಶುರುವಾಗಿದ್ದೇ 2005ರಲ್ಲಿ. ಡೆಕ್ಕನ್‌ಗೆ 2008ರ ಆಗಸ್ಟ್‌ಗೆ 5 ವರ್ಷ ತುಂಬಿತು, ಆ ಅನುಭವದ ಲೆಕ್ಕದಲ್ಲೇ ಸೆಪ್ಟೆಂಬರ್‌ನಲ್ಲಿ ಕಿಂಗ್‌ಫಿಶರ್ ಬೆಂಗಳೂರಿಂದ ಲಂಡನ್‌ಗೆ ಹಾರಿತು. ಡೆಕ್ಕನ್ ಹೆಸರು ಅಳಿಸಿ ಕಿಂಗ್‌ಫಿಶರ್ ರೆಡ್ ಅಂತ ಮಾಡಿದರು. ಅದೇ ವರ್ಷ ಜುಲೈಯಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತ್ತು. ಅಗ್ಗದ ಕಂಪನಿಗೆ ಶೋಕಿ ಕಂಪನಿಯ ಖರ್ಚು ಸೇರಿಸಿದರೆ ಎರಡೂ ಉಳಿಯಲ್ಲ. ರೆಡ್ ನಿಲ್ಲಿಸುತ್ತೇವೆ ಅಂತ 2011ರಲ್ಲಿ ಹೇಳಿದರು, 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಶರೇ ನಿಂತಿತು. ಸಂಬಳ ಸಿಗದ ಹುಡುಗರು ನನ್ನ ಹತ್ತಿರ ಕೆಲಸ ಕೇಳಿಕೊಂಡು ಬರುತ್ತಿದ್ದರು. ನೀವಿಲ್ಲಿ ಊರಿನ ಹೆಸರಲ್ಲಿ ಕಿತ್ತಾಡುತ್ತಿದ್ದೀರಿ.

ದಾವಣಗೆರೆಯಿಂದ: ಸರ್, ಗೋ ಫಸ್ಟ್ ರೀಫಂಡ್...

ಸಿಎ ಸರ್: ಮೇಲೆ ಹೇಳಿದ್ದೇನೆ. ಓದಿ.

ರಾಯಚೂರಿನಿಂದ: ಸಣ್ಣ ಊರಿಗೆ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆಯಲ್ಲಿ ಡೆಕ್ಕನ್ ಮತ್ತೆ ಬಂದಿತ್ತಲ್ಲ, ಅದೇನಾಯ್ತು?

ಸಿಎ ಸರ್: 2017ರಲ್ಲಿ ಬಂತು, 2020ರ ಏಪ್ರಿಲ್‌ನಲ್ಲಿ ಕೊರೊನಾ ಹೊತ್ತಲ್ಲಿ ನಿಂತಿತು.

ಬೆಂಗಳೂರಿನಿಂದ: ಸರ್ ಯಾಕೋ ಮಲ್ಯ ಪರ ಮಾತಾಡುತ್ತಿದ್ದಾರೆ.

ಸಿಎ ಸರ್: ನಾನು ಬರೆದಿದ್ದನ್ನು ಇನ್ನೊಮ್ಮೆ ಓದಿ ಮಾತಾಡಿ. ಈ ವಿಷಯಕ್ಕೆ ನನ್ನದು ಇಷ್ಟೇ.

ಧಾರವಾಡದಿಂದ: ಸರ್, ನಿಮ್ಮ ಉತ್ತರ ಎರಡು ಸಲ ಓದಿದೆ. ಹೇಳಲು ಸಂಕೋಚ. ಶುಕ್ರವಾರವೇ 2 ಲಕ್ಷಕ್ಕೆ ಕೊಂಡುಬಿಟ್ಟಿದ್ದೇನೆ. ಉಳಿದ 4 ಲಕ್ಷ ಸೋಮವಾರ ಹಾಕುವುದಿತ್ತು. ಮನೆಯಲ್ಲಿ ಹೇಳಿಲ್ಲ.

ಸಿಎ ಸರ್: ಮೇಷ್ಟ್ರೇ, ಆ 4 ಲಕ್ಷ ಬ್ಯಾಂಕಿನಲ್ಲೇ ಇರಲಿ. ಸೋಮವಾರ ಏನೂ ಕೊಳ್ಳಬೇಡಿ. ಬೆಲೆ ಬಿದ್ದಾಗ ಇನ್ನಷ್ಟು ಕೊಂಡು ಸರಾಸರಿ ಬೆಲೆ ಇಳಿಸಿಕೊಳ್ಳಿ ಅಂತ ಆ ಗೆಳೆಯರು ಹೇಳಿದರೂ ಕೊಳ್ಳಬೇಡಿ. ಮೊದಲು ಮನೆಯಲ್ಲಿ ನಿಮ್ಮ ಶ್ರೀಮತಿಯವರಿಗೆ ಹೇಳಿ. ರಾತ್ರಿ 8ಕ್ಕೆ ನನಗೆ ಫೋನ್ ಮಾಡಿ, ಅವರೂ ಪಕ್ಕದಲ್ಲಿರಲಿ. ಆ 2 ಲಕ್ಷ ಏನು ಮಾಡೋಣ ಅಂತ ಮೂವರೂ ಕೂತು ನೋಡೋಣ.