ಯಾಶಿಕಾ ಎಲೆಕ್ಟ್ರೋ 35: ಹತ್ತಿರದ ಫೋಟೋ ಎಲ್ಲಾ ಮಸುಕು, ಲೆನ್ಸ್ ಹೋಗಿದೆಯಾ?

ರೀಲುಹುಚ್ಚ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವನ ಯಾಶಿಕಾ ಎಲೆಕ್ಟ್ರೋ 35 ಜಿಎಸ್‌ಎನ್ ಫಿಲ್ಮ್ ಕ್ಯಾಮೆರಾ ಅಟ್ಟದ ಮೇಲಿನ ಟ್ರಂಕಿನಲ್ಲಿ ಸಿಕ್ಕಿತು. ಅದರ ಹಳೇ 5.6 ವೋಲ್ಟ್ ಪಾದರಸದ ಬ್ಯಾಟರಿ ಈಗ ಬರೋದಿಲ್ಲ, ಹಾಗಾಗಿ 6 ವೋಲ್ಟಿನದಕ್ಕೆ ಅಡಾಪ್ಟರ್ ಸಿಕ್ಕಿಸಿದೆ. ದೀಪ ಹತ್ತಿತು, ಶಟರ್ ಓಡಿತು, ಖುಷಿಯಲ್ಲಿ ಒಂದು ರೀಲು 200ರ ಫಿಲ್ಮ್ ಪೂರ್ತಿ ಮುಗಿಸಿದೆ.

ಗಡಿಯಾರ ಕಂಬ, ರಸ್ತೆ, ಜನ, ಎಲ್ಲಾ ಚೆನ್ನಾಗಿ ಬಂದಿವೆ. ಆದರೆ ಹತ್ತಿರದಿಂದ ತೆಗೆದವು ಒಂದೂ ಸರಿ ಇಲ್ಲ. ಬೆಣ್ಣೆ ದೋಸೆ ತಟ್ಟೆಗೆ ಬಂದ ಕೂಡಲೇ ಬಗ್ಗಿ ತೆಗೆದಿದ್ದೆ, ಮೇಲಿನ ಬೆಣ್ಣೆ ಇನ್ನೂ ಕರಗುತ್ತಿತ್ತು. ಫೋಟೋದಲ್ಲಿ ದೋಸೆ ಮಂಜು ಮಂಜು, ಅದರ ಹಿಂದಿದ್ದ ನೀರಿನ ಲೋಟ ಮಾತ್ರ ಚೂರಿ ಹಾಗೆ ಸ್ಪಷ್ಟ! ಅಜ್ಜಿ ಮಂಡಕ್ಕಿಗೆ ಒಗ್ಗರಣೆ ಹಾಕುವಾಗಿನ ಕೈಗಳೂ ಹಾಗೇ. ಫಿಲ್ಮ್ ತೊಳೆದುಕೊಟ್ಟವರು ಲೆನ್ಸಿಗೆ ಫಂಗಸ್ ಹಿಡಿದಿದೆ, ಬಿಚ್ಚಬೇಕು ಅಂದರು. ಟಾರ್ಚ್ ಬಿಟ್ಟು ನೋಡಿದೆ, ನನಗೇನೂ ಕಾಣಲಿಲ್ಲ.

ಇನ್ನೊಂದು ವಿಷಯ. ದೋಸೆ ತೆಗೆಯುವಾಗ ಫೋಕಸ್ ರಿಂಗ್ ಕೊನೆಯವರೆಗೂ ತಿರುಗಿಸಿದರೂ ನೋಡುವ ಕಿಟಕಿಯ ನಡುವಿನ ಹಳದಿ ಚೌಕದಲ್ಲಿ, ಫೋಕಸ್ ಸರಿಯಾದಾಗ ಒಂದಾಗಬೇಕಾದ ಎರಡು ಬಿಂಬ ಒಂದಾಗಲೇ ಇಲ್ಲ. ಸುಮ್ನೆ ಒತ್ತಿಬಿಟ್ಟೆ. ಅದೇ ತಪ್ಪಾಯ್ತಾ?

ಕೋಟೆಕಲ್ಲು, ಚಿತ್ರದುರ್ಗ

ಅದೇ ತಪ್ಪು ಮಾರಾಯ್ರೆ. ಬಿಂಬ ಒಂದಾಗಲಿಲ್ಲ ಅಂದರೆ ಕ್ಯಾಮೆರಾ 'ಇಲ್ಲಿಂದ ಆಗಲ್ಲ, ಹಿಂದೆ ಸರಿ' ಅಂತ ಹೇಳ್ತಿದೆ ಅಂತ ಅರ್ಥ. ಲೆನ್ಸ್ ಬಿಚ್ಚೋಕೆ ಯಾರ ಕೈಗೂ ಕೊಡಬೇಡಿ, ದೂರದ್ದು ಚೆನ್ನಾಗಿ ಬಂದಿದೆ ಅಲ್ವಾ?

ನಿಮ್ಮ ಕ್ಯಾಮೆರಾ 0.8 ಮೀಟರಿಗಿಂತ ಹತ್ತಿರ ಫೋಕಸ್ ಆಗಲ್ಲ. ನೀವು ಬಗ್ಗಿದ್ದು ಅರ್ಧ ಮೀಟರಿಗೆ ಇರಬೇಕು. ರಿಂಗ್ 0.8ರಲ್ಲಿ ನಿಂತಿದೆ, ಲೋಟ ಸರಿಯಾಗಿ ಆ ದೂರದಲ್ಲಿ ಇತ್ತು, ಅದಕ್ಕೇ ಅದು ಸ್ಪಷ್ಟ. ಎಸ್‌ಎಲ್‌ಆರ್ (ಲೆನ್ಸಿನ ಮೂಲಕವೇ ನೋಡೋ ಕ್ಯಾಮೆರಾ) ಆಗಿದ್ದರೆ ದೋಸೆ ಮಸುಕಾಗಿರೋದು ಕಣ್ಣಿಗೇ ಕಂಡುಬಿಡುತ್ತಿತ್ತು. ಇದರಲ್ಲಿ ನೀವು ನೋಡೋದು ಲೆನ್ಸಿನ ಮೂಲಕ ಅಲ್ಲ, ಪಕ್ಕದ ಬೇರೆ ಕಿಟಕಿಯಿಂದ. ಆ ಕಿಟಕಿಗೆ ಎಲ್ಲವೂ ಯಾವಾಗಲೂ ಸ್ಪಷ್ಟವೇ.

ಇದು ಗಾಜಿನ ದೋಷ ಅಲ್ಲ. 45 ಮಿ.ಮೀ. ಲೆನ್ಸು 0.8 ಮೀಟರಿಗೆ ಫೋಕಸ್ ಆಗೋಕೆ ಮುಂದೆ ಬರಬೇಕಾದ್ದು ಸುಮಾರು 2.7 ಮಿ.ಮೀ. ಅಷ್ಟೇ. ಇನ್ನೂ ಮುಂದೆ ತಳ್ಳಿದರೆ ಇನ್ನೂ ಹತ್ತಿರ ಹೋಗಬಹುದು. ಆದರೆ ಲೆನ್ಸಿನ ಜೊತೆಗೆ, ಬಿಂಬ ಒಂದು ಮಾಡೋ ಒಳಗಿನ ಸನ್ನೆಕೋಲು, ಕನ್ನಡಿ ಎಲ್ಲವೂ ಲೆಕ್ಕ ತಪ್ಪದೆ ಓಡಾಡಬೇಕಲ್ಲ. ಹತ್ತಿರ ಬಂದಷ್ಟೂ ಕನ್ನಡಿ ಜಾಸ್ತಿ ತಿರುಗಬೇಕು, ಕಿಟಕಿಯಲ್ಲಿ ಕಾಣೋದಕ್ಕೂ ಲೆನ್ಸ್ ನೋಡೋದಕ್ಕೂ ವ್ಯತ್ಯಾಸ ಜಾಸ್ತಿ ಆಗುತ್ತೆ. ಅದಕ್ಕೇ ಮಾಡಿದವರು ಅಲ್ಲಿಗೆ ಬೇಲಿ ಹಾಕಿದ್ದಾರೆ. ದುಬಾರಿ ಕ್ಯಾಮೆರಾಗಳ ಕಥೆಯೂ ಅದೇ: 1954ರಲ್ಲಿ ಬಂದ ಲೈಕಾ ಎಂ3 ಮೊದಮೊದಲು 1 ಮೀಟರಿಗೇ ನಿಲ್ಲುತ್ತಿತ್ತು, ಆಮೇಲೆ 0.7ಕ್ಕೆ ಇಳಿಯಿತು. ತಿರುಪಿ ಹಾಕೋ ಹಳೇ ಸ್ಕ್ರೂ ಮೌಂಟ್ ಲೆನ್ಸುಗಳು ಹೆಚ್ಚಿನವು 1 ಮೀಟರೇ.

ನನ್ನ ಹತ್ತಿರ ಇರೋದು ಜೋರ್ಕಿ 4 ಕ್ಯಾಮೆರಾ, ಅದಕ್ಕೆ ಜುಪಿಟರ್ 8 ಲೆನ್ಸ್. ಹರಿಹರದ ಹರಿಹರೇಶ್ವರ ಗುಡಿಯಲ್ಲಿ ಶಾಸನದ ಅಕ್ಷರ ತೆಗೆಯೋಕೆ ಹೋಗಿ ಒಂದು ಮೀಟರ್ ದೂರ ನಿಂತು, ಅಷ್ಟಗಲ ಕಲ್ಲೆಲ್ಲಾ ಬಂದು ಅಕ್ಷರ ಇರುವೆ ಸಾಲಿನ ಹಾಗೆ ಕಂಡಿತು. 50 ಮಿ.ಮೀ. ಲೆನ್ಸಿಗೆ ಒಂದು ಮೀಟರಿನಲ್ಲಿ ಸುಮಾರು 68 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರದ ಜಾಗ ಬೀಳುತ್ತೆ. ಅದಕ್ಕಿಂತ ಚಿಕ್ಕದನ್ನ ತುಂಬಿಸೋ ಆಸೆ ಇದ್ದರೆ ಕಷ್ಟ.

ಮಿರ್ಚಿಮಂಡಕ್ಕಿ, ದಾವಣಗೆರೆ

ಬೆಣ್ಣೆ ದೋಸೆ ಮುಂದೆ ಇಟ್ಟುಕೊಂಡು ರಿಂಗ್ ತಿರುಗಿಸುತ್ತಾ ಕೂತರೆ ಅದು ತಣ್ಣಗಾಗಿ ಚರ್ಮ ಆಗುತ್ತೆ ಗುರುವೇ. ಮೊದಲು ತಿನ್ನು. ಫೋನಿನಲ್ಲಿ ತೆಗಿ.

ಹಳೇಸ್ಟುಡಿಯೋ, ದಾವಣಗೆರೆ

ಮೇಲಿನವರ ಮಾತಿಗೆ ನಕ್ಕೆ, ಆದರೆ ದಾರಿ ಇದೆ.

ನಿಮ್ಮ ಕ್ಯಾಮೆರಾಕ್ಕೆ 55 ಮಿ.ಮೀ. ಫಿಲ್ಟರ್ ಹಿಡಿಸುತ್ತೆ. ಆ ಅಳತೆಯ ಪ್ಲಸ್ 2 ಕ್ಲೋಸ್‌ಅಪ್ ಲೆನ್ಸ್ ಒಂದು ತಗೊಳ್ಳಿ, ಕನ್ನಡಕದ ಗಾಜಿನ ಹಾಗೇ ಅದು. ಮುಂದೆ ತಿರುಪಿ ರಿಂಗನ್ನು ಇನ್ಫಿನಿಟಿಗೆ (ಅತಿ ದೂರದ ಗುರುತಿಗೆ) ಇಟ್ಟರೆ ಆ ಗಾಜಿನಿಂದ ಸರಿಯಾಗಿ 50 ಸೆಂ.ಮೀ. ದೂರದ್ದು ಸ್ಪಷ್ಟ ಬರುತ್ತೆ. ಸುಮಾರು 40ಕ್ಕೆ 27 ಸೆಂ.ಮೀ. ಜಾಗ, ದೋಸೆ ತಟ್ಟೆಗೆ ಹೇಳಿ ಮಾಡಿಸಿದ ಹಾಗೆ. ರಿಂಗ್ 0.8ಕ್ಕೆ ಇಟ್ಟರೆ 31 ಸೆಂ.ಮೀ.ವರೆಗೂ ಹೋಗಬಹುದು. ಪ್ಲಸ್ 1 ತಗೊಂಡು ಇನ್ಫಿನಿಟಿಗೆ ಇಟ್ಟರೆ 1 ಮೀಟರ್, ಅಲ್ಲಿಗೆ ನಿಮ್ಮ ಕ್ಯಾಮೆರಾ ಹಾಗೇ ಹೋಗುತ್ತೆ, ಇನ್ಫಿನಿಟಿಯಲ್ಲೇ ಬಳಸೋದಾದರೆ ದುಡ್ಡು ದಂಡ.

ಗಾಜು ಹಾಕಿದ ಮೇಲೆ ಹಳದಿ ಚೌಕವನ್ನು ಮರೆತುಬಿಡಿ. ಅದಕ್ಕೆ ಮುಂದೆ ಗಾಜು ಬಂದಿರೋದು ಗೊತ್ತೇ ಇಲ್ಲ. ದೂರ ಅಳೆಯೋಕೆ ದಾರ. ಹೂವಿನ ದಾರ ಆದರೂ ಸಾಕು, 50 ಸೆಂ.ಮೀ.ಗೆ ಒಂದು ಗಂಟು ಹಾಕಿ, ಒಂದು ತುದಿ ಲೆನ್ಸಿನ ಅಂಚಿಗೆ, ಗಂಟು ದೋಸೆಗೆ, ದಾರ ಬಿಗಿಯಾದರೆ ಕೆಳಗೆ ಬಿಟ್ಟು ಒತ್ತೋದು. ಲೆನ್ಸಿನ ಕಿಂಡಿ ಎಫ್ 8ರಲ್ಲಿ ಇಟ್ಟರೆ ಅಲ್ಲಿ ಸ್ಪಷ್ಟ ಇರೋದು ಒಟ್ಟು 6 ಸೆಂ.ಮೀ. ಆಳ ಅಷ್ಟೇ, ಎಫ್ 4ರಲ್ಲಿ 3. ಹಾಗಾಗಿ ದಾರ ಬಿಟ್ಟ ಮೇಲೆ ಮೈ ಅಲ್ಲಾಡಿದರೆ ಮುಗೀತು, ಮೊಣಕೈ ಟೇಬಲ್ ಮೇಲೆ ಊರಿ. ಹಳದಿ ದೀಪ ಹತ್ತಿದರೆ ಶಟರ್ 1/30 ಸೆಕೆಂಡಿಗಿಂತ ನಿಧಾನ ಅಂತ ಗೊತ್ತಲ್ವಾ, ಹೋಟೆಲ್ ಒಳಗೆ ಅದು ಹತ್ತಿಯೇ ಹತ್ತುತ್ತೆ. ಕಿಟಕಿ ಪಕ್ಕದ ಟೇಬಲ್ ಹಿಡೀರಿ.

ಚೌಕಟ್ಟಿನ ವಿಷಯ ಮುಖ್ಯ. ನಿಮ್ಮ ಕ್ಯಾಮೆರಾದಲ್ಲಿ ರಿಂಗ್ ತಿರುಗಿಸಿದ ಹಾಗೆ ಹಳದಿ ಗೆರೆಗಳು ಜರುಗಿ ವ್ಯತ್ಯಾಸ ಸರಿ ಮಾಡುತ್ತವೆ, ಆದರೆ 0.8ರವರೆಗೆ ಮಾತ್ರ. ನೀವು ರಿಂಗ್ ಇನ್ಫಿನಿಟಿಗೆ ಇಟ್ಟಿರೋದರಿಂದ ಗೆರೆಗಳು ದೂರದ ಬೆಟ್ಟಕ್ಕೆ ಸರಿಯಾಗಿ ನಿಂತಿರುತ್ತವೆ. ನೋಡುವ ಕಿಟಕಿ ಲೆನ್ಸಿಗಿಂತ ಮೇಲೆ, ಎಡಕ್ಕೆ ಇದೆ. ಆ ಅಂತರವನ್ನ ಸ್ಕೇಲಿನಲ್ಲಿ ಅಳೆದುಕೊಳ್ಳಿ. ಮೊದಲು ಕಿಟಕಿಯಲ್ಲಿ ನೋಡಿ ದೋಸೆ ಕೂರಿಸಿ, ಆಮೇಲೆ ಕ್ಯಾಮೆರಾ ವಾಲಿಸದೆ ಅಷ್ಟೇ ಅಳತೆ ಮೇಲಕ್ಕೆ ಎಡಕ್ಕೆ ಸರಿಸಿ ಒತ್ತಿ. ಕಣ್ಣು ಇದ್ದ ಜಾಗಕ್ಕೆ ಲೆನ್ಸು ಬರಬೇಕು.

ಕೋಟೆಕಲ್ಲು, ಚಿತ್ರದುರ್ಗ

ದಾರದ ಉಪಾಯ ನನಗೂ ಬೇಕಿತ್ತು, ಜುಪಿಟರಿಗೆ 40.5 ಮಿ.ಮೀ. ಗಾಜು ಹುಡುಕ್ತೀನಿ. ಜೋರ್ಕಿಯ ಕಿಟಕಿಯಲ್ಲಿ ಗೆರೆಯೇ ಇಲ್ಲ, ಜರುಗೋ ಮಾತು ದೂರ ಉಳೀತು.

ಅಂದ ಹಾಗೆ, ಲೈಕಾದವರು 1956ರಲ್ಲಿ ಈ ರೋಗಕ್ಕೆ ಒಂದು ಔಷಧಿ ಮಾಡಿದ್ದರು. ಡ್ಯುಯಲ್ ರೇಂಜ್ ಸುಮಿಕ್ರಾನ್ ಅಂತ 50 ಮಿ.ಮೀ. ಲೆನ್ಸು, ಕಿಟಕಿಗಳ ಮುಂದೆ ಕನ್ನಡಕ ಸಿಕ್ಕಿಸಿದರೆ 48 ಸೆಂ.ಮೀ.ವರೆಗೂ ಬಿಂಬ ಒಂದಾಗುತ್ತೆ. ಬೆಲೆ ನೋಡಿ ನಾನು ಸುಮ್ಮನಾದೆ.

ರೀಲುಹುಚ್ಚ ಅವರೇ, ಹೇಗಿದ್ದರೂ ದೂರದ ಹೊಂದಿಕೆ ಒಮ್ಮೆ ಪರೀಕ್ಷೆ ಮಾಡಿ. ನಾನು ಕೋಟೆ ಹತ್ತಿ ಗುಡ್ಡದ ಮೇಲಿನ ಗಾಳಿಯಂತ್ರದ ಕಂಬ ನೋಡ್ತೀನಿ. ರಿಂಗ್ ಇನ್ಫಿನಿಟಿಗೆ ಇಟ್ಟಾಗ ಹಳದಿ ಚೌಕದಲ್ಲಿ ಎರಡು ಕಂಬ ಕಂಡರೆ ಬಿಂಬ ಒಂದು ಮಾಡೋ ಸಾಧನ, ಅಂದರೆ ರೇಂಜ್‌ಫೈಂಡರ್ ಜರುಗಿದೆ ಅಂತ. ನಿಮ್ಮೂರಲ್ಲಿ ದೂರದ ಮೊಬೈಲ್ ಟವರ್ ಆದೀತು.

ರೀಲುಹುಚ್ಚ, ದಾವಣಗೆರೆ

ಎಲ್ಲರಿಗೂ ಥ್ಯಾಂಕ್ಸ್. ಟವರ್ ನೋಡಿದೆ, ಒಂದೇ ಕಾಣ್ತು, ಬದುಕಿದೆ. ಗಾಜು ಬರೋದಕ್ಕೆ ವಾರ ಬೇಕಂತೆ, ಅಷ್ಟರಲ್ಲಿ ಇದ್ದದ್ದರಲ್ಲೇ ತೆಗೆಯೋಣ ಅಂತ ಅಜ್ಜಿಯನ್ನ 0.8ರಲ್ಲಿ ಕೂರಿಸಿದೆ. ಅಷ್ಟು ದೂರಕ್ಕೆ 60ಕ್ಕೆ 40 ಸೆಂ.ಮೀ. ಬೀಳುತ್ತೆ ಅಂತ ಲೆಕ್ಕ ಹಾಕಿದೆ, ಬರೀ ಕೈ ಬೇಡ ಅಂತ ಕೈ, ಬಾಣಲೆ, ಮುಖದ ಅರ್ಧ ಎಲ್ಲಾ ಸೇರಿಸಿ ತೆಗೆದಿದ್ದೀನಿ. ಒಂದು ಕೇಳೋದಿತ್ತು: ಒಗ್ಗರಣೆ ಹಾಕುವಾಗ 50 ಸೆಂ.ಮೀ.ಗೆ ಹೋದರೆ ಎಣ್ಣೆ ಸಿಡಿದು ಕ್ಲೋಸ್‌ಅಪ್ ಗಾಜಿನ ಮೇಲೆ ಬೀಳಲ್ವಾ?

ಹಳೇಸ್ಟುಡಿಯೋ, ದಾವಣಗೆರೆ

ಬೀಳುತ್ತೆ. ಆ ಗಾಜನ್ನ ಒರೆಸಬಹುದು, ಒಳಗಿನ ಲೆನ್ಸು ಉಳೀತು ಅಂದುಕೊಳ್ಳಿ. ಸಾಸಿವೆ ಸಿಡಿದು ಮುಗಿದ ಮೇಲೆ ಬಗ್ಗಿ.