ಪಿಎಚ್‌ಡಿ ಆಯ್ತು, ಕಾಲೇಜು ಬಿಟ್ಟು ಹೊರಗೆ ಕೆಲಸ: ಹಾಸನ–ಚಿಕ್ಕಮಗಳೂರು ಕಡೆ ಏನಿದೆ?

ಮೆಣಸಿನಬಳ್ಳಿ:
ಸಸ್ಯರೋಗಶಾಸ್ತ್ರದಲ್ಲಿ ಪಿಎಚ್‌ಡಿ. ವಿಷಯ ಕಾಳುಮೆಣಸಿನ ಶೀಘ್ರ ಸೊರಗು ರೋಗ: ಅದನ್ನು ತರುವ ರೋಗಾಣು ಫೈಟಾಫ್ತೊರಾ ಬೇರ್ಪಡಿಸೋದು, ಪಿಸಿಆರ್ (ಡಿಎನ್‌ಎ ಪ್ರತಿ ಹೆಚ್ಚಿಸಿ ಗುರುತಿಸೋದು), ರೋಗ ತಡೆಯೋ ಶಿಲೀಂಧ್ರ ಟ್ರೈಕೋಡರ್ಮಾದ ಪ್ರಯೋಗ. ಈಗ ಅತಿಥಿ ಉಪನ್ಯಾಸಕಿ. ಮನೆ ಮೂಡಿಗೆರೆ ಹತ್ತಿರ, ಆದಷ್ಟು ಈ ಕಡೆಯೇ ಇರಬೇಕು. ಒಂಬತ್ತು ಪುಟದ ಬಯೋಡೇಟಾ ನಲವತ್ತು ಕಡೆ ಕಳಿಸಿದೆ, ಒಂದು ಫೋನೂ ಬಂದಿಲ್ಲ. ಎಲ್ಲಿ ತಪ್ಪಾಗ್ತಿದೆ? ‘ಈಗಿನ ಸಂಬಳ’ ಅಂತ ಕೇಳೋ ಜಾಗದಲ್ಲಿ ಏನು ಬರೀಬೇಕು?

ಲ್ಯಾಬ್ ನೋಟ್‌ಬುಕ್:
ಮೇಡಂ, ಮೊದಲು ಆ ಒಂಬತ್ತು ಪುಟ. ಎರಡಕ್ಕೆ ಇಳಿಸಿ. ಪೇಪರ್‌ಗಳ ಪಟ್ಟಿ ಬೇರೆ ಫೈಲಲ್ಲಿರಲಿ, ಕೇಳಿದವರಿಗೆ ಮಾತ್ರ ಕೊಡಿ.

ಕಂಪನಿಯವರು ನೋಡೋದು ನಿಮ್ಮ ಕೈಗೆ ಏನು ಬರುತ್ತೆ ಅಂತ, ಪ್ರಬಂಧದ ಶೀರ್ಷಿಕೆಯನ್ನಲ್ಲ. ‘ಫೈಟಾಫ್ತೊರಾದ ಆಣ್ವಿಕ ಗುರುತಿಸುವಿಕೆಯ ಅಧ್ಯಯನ’ ಅಂತ ಬರೆದರೆ ಓದುವವರಿಗೆ ಏನೂ ತಿಳಿಯಲ್ಲ. ಅದನ್ನೇ ಹೀಗೆ ಬರೆಯಿರಿ: ‘60 ತೋಟಗಳಿಂದ ಮಣ್ಣು, ಬೇರಿನ ಮಾದರಿ ತಂದು 48 ಐಸೊಲೇಟ್ ಬೇರ್ಪಡಿಸಿದೆ, ಪ್ರೈಮರ್ ಆಯ್ಕೆಯಿಂದ ಜೆಲ್ ಓದುವವರೆಗೆ ಪಿಸಿಆರ್ ನಾನೇ ನಡೆಸಿದೆ, ಇಬ್ಬರು ಎಂಎಸ್ಸಿ ವಿದ್ಯಾರ್ಥಿಗಳಿಗೆ ಕಲಿಸಿದೆ.’ ಅಂಕಿ ನಿಮ್ಮವೇ ಹಾಕಿಕೊಳ್ಳಿ. ನೀವೇ ನಡೆಸಿದ ಯಂತ್ರ ಬೇರೆ, ಬೇರೆಯವರು ನಡೆಸಿದ್ದನ್ನು ನೋಡಿದ ಯಂತ್ರ ಬೇರೆ. ಎಚ್‌ಪಿಎಲ್‌ಸಿ (ದ್ರಾವಣದ ಅಂಶಗಳನ್ನು ಬೇರ್ಪಡಿಸಿ ಅಳೆಯೋ ಯಂತ್ರ) ಅಂತ ಬರೆದರೆ ಸಂದರ್ಶನದಲ್ಲಿ ‘ಗ್ರಾಫಿನ ಪೀಕ್ ಎರಡಾಗಿ ಒಡೆದರೆ ಏನು ಮಾಡ್ತೀರಿ’ ಅಂತ ಕೇಳೇ ಕೇಳ್ತಾರೆ.

ಇನ್ನೊಂದು: ಎರಡು ಕಾಲಂ ಇರೋ ಚೆಂದದ ಟೆಂಪ್ಲೇಟ್ ಬೇಡ. ಉದ್ಯೋಗ ಪೋರ್ಟಲ್‌ನ ತಂತ್ರಾಂಶ ಎಷ್ಟೋ ಸಲ ಎಡಬಲದ ಸಾಲು ಬೆರೆಸಿ ಓದಿಬಿಡುತ್ತೆ. ಪಿಡಿಎಫ್ ತೆರೆದು ಎಲ್ಲವನ್ನೂ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ ನೋಡಿ. ಅಲ್ಲಿ ಕಲಸುಮೇಲೋಗರ ಆಗಿದ್ರೆ ಅವರ ಕಡೆಯೂ ಹಾಗೇ ಕಾಣೋದು. ಸ್ಕ್ಯಾನ್ ಮಾಡಿದ ಪಿಡಿಎಫ್ ಆದ್ರೆ ನೋಟ್‌ಪ್ಯಾಡಲ್ಲಿ ಒಂದಕ್ಷರವೂ ಬರಲ್ಲ.

ಕ್ಯೂರಿಂಗ್ ಕಡೆಯವ:
ಊರ ಕಡೆ ಏನಿದೆ ಅಂದ್ರಲ್ಲ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಎಲ್ಲರ ಬಾಯಲ್ಲೂ ಮೊದಲು ಬರುತ್ತೆ. 1925ರದು, ಒಳ್ಳೆಯ ಜಾಗ. ಆದ್ರೆ ಪ್ರಾಜೆಕ್ಟ್ ಹುದ್ದೆ ಸಿಕ್ಕರೂ ಪ್ರಾಜೆಕ್ಟ್ ಮುಗಿದ ದಿನ ಅದೂ ಮುಗಿಯುತ್ತೆ. ನೀವು ಬಿಡಬೇಕು ಅಂತಿರೋದು ಅಂಥ ಅನಿಶ್ಚಿತತೆಯನ್ನೇ ತಾನೆ?

ನನ್ನ ಪ್ರಕಾರ ಈಗ ಇಲ್ಲಿ ಕೈ ಹಾಕಬೇಕಾದ್ದು ಕಾಫಿ ರಫ್ತಿನ ದಾಖಲೆ ಕೆಲಸ. ಯುರೋಪಿನ ಅರಣ್ಯನಾಶ ತಡೆ ನಿಯಮ 2023ರಲ್ಲಿ ಬಂತು. ಅದರ ಪ್ರಕಾರ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. 4 ಹೆಕ್ಟೇರ್ ಮೀರಿದ ತೋಟಕ್ಕೆ ಗಡಿಯ ಪೂರ್ತಿ ಪಾಲಿಗನ್ (ಸುತ್ತಲಿನ ಬಿಂದುಗಳನ್ನು ಜೋಡಿಸಿದ ನಕ್ಷೆ) ಬೇಕು, ಅದಕ್ಕಿಂತ ಚಿಕ್ಕದಕ್ಕೆ ಒಂದು ಬಿಂದು ಸಾಕು. ಅಕ್ಷಾಂಶ, ರೇಖಾಂಶದಲ್ಲಿ ದಶಾಂಶದ ನಂತರ ಆರು ಅಂಕಿ ಇರಬೇಕು. ಕೇಳೋಕೆ ಸುಲಭ, ಕೆಡೋದು ಇಲ್ಲಿ: ಸರ್ವೆಗೆ ಹೋದ ಹುಡುಗ ತೋಟದ ಬದಲು ಮನೆ ಗೇಟಿನ ಹತ್ತಿರ ನಿಂತು ಬಿಂದು ಒತ್ತುತ್ತಾನೆ. ಪಹಣಿಯ ವಿಸ್ತೀರ್ಣಕ್ಕೂ ನಡೆದು ಅಳೆದ ಗಡಿಗೂ ತಾಳೆಯಾಗಲ್ಲ. ಈ ನಕ್ಷೆಯ ಮಾಹಿತಿ ಕಳಿಸೋ ಜಿಯೊಜೇಸನ್ ಫೈಲಿನಲ್ಲಿ ರೇಖಾಂಶ ಮೊದಲು ಬರಬೇಕು. 13, 75 ಅಂತ ತಿರುಗಾಮುರುಗಾ ಹಾಕಿದ್ರೆ ಚಿಕ್ಕಮಗಳೂರಿನ ತೋಟ ನಾರ್ವೆಯಾಚೆಯ ಸಮುದ್ರದಲ್ಲಿ ತೇಲುತ್ತೆ! ಜೊತೆಗೆ ನಮ್ಮದು ನೆರಳಿನ ಕಾಫಿ, ಉಪಗ್ರಹ ಚಿತ್ರದಲ್ಲಿ ಕಾಡಿನ ಹಾಗೇ ಕಾಣುತ್ತೆ. ಮರ ಕಸಿ ಮಾಡಿದ್ದನ್ನೇ, ಅಂದ್ರೆ ನೆರಳಿನ ಮರದ ಕೊಂಬೆ ಸವರಿದ್ದನ್ನೇ, ಕಾಡು ಕಡಿದದ್ದು ಅಂತ ನಕ್ಷೆ ತೋರಿಸಿಬಿಡಬಹುದು. ಅದು ಹಾಗಲ್ಲ ಅಂತ ಪುರಾವೆ ಸಮೇತ ಬರೆದುಕೊಡೋಕೆ ಗಿಡ ಗೊತ್ತಿರುವವರೇ ಬೇಕು. ನಕ್ಷೆ ಮಾಡೋ ತಂತ್ರಾಂಶ ಕ್ಯೂಜಿಐಎಸ್ ಉಚಿತ. ಮನೆಯವರ ತೋಟದ್ದೇ ಒಂದು ನಕ್ಷೆ ಮಾಡಿ, ಅರ್ಜಿ ಜೊತೆ ಲಗತ್ತಿಸಿ.

ಎರಡನೇದು ಜೈವಿಕ ಪೀಡೆನಾಶಕ ಘಟಕಗಳ ಗುಣಮಟ್ಟ ವಿಭಾಗ. ಟ್ರೈಕೋಡರ್ಮಾ ಪುಡಿಗೆ ಗ್ರಾಂಗೆ ಕನಿಷ್ಠ 20 ಲಕ್ಷ ಸಿಎಫ್‌ಯು (ಬೆಳೆಯಬಲ್ಲ ಜೀವಂತ ಘಟಕ) ಇರಬೇಕು. ತಯಾರಾದ ದಿನ ಅಷ್ಟಿರುತ್ತೆ, ಗೋದಾಮಿನ ಸೆಕೆಗೆ ಇಳಿಯುತ್ತೆ. ಅದನ್ನು ತಿಂಗಳು ತಿಂಗಳು ಎಣಿಸಿ ದಾಖಲಿಸಬಲ್ಲೆ ಅಂತ ಹೇಳಿ, ಅದೇ ನಿಮ್ಮ ಕೆಲಸ. ಪೀಡೆನಾಶಕ ಶೇಷ ಪರೀಕ್ಷೆಯ ಲ್ಯಾಬ್‌ಗಳು ಹೆಚ್ಚಾಗಿ ಬೆಂಗಳೂರಲ್ಲೇ. ಹೋಗೋದಾದ್ರೆ ಲ್ಯಾಬ್‌ಗಳ ಗುಣಮಟ್ಟದ ಮಾನದಂಡ ಐಎಸ್‌ಒ 17025 ಓದಿಕೊಳ್ಳಿ, ರಿಕವರಿ (ಮಾದರಿಗೆ ಬೆರೆಸಿದ್ದರಲ್ಲಿ ಪರೀಕ್ಷೆಗೆ ಸಿಕ್ಕ ಪಾಲು) ಶೇ. 70ರಿಂದ 120ರೊಳಗೆ ಯಾಕಿರಬೇಕು ಅನ್ನೋದಕ್ಕೆ ಉತ್ತರ ಸಿದ್ಧವಿರಲಿ.

ಹಾಸನದ ಹಳಬ:
ಸಂಬಳದ ವಿಷಯ. ಪಿಎಚ್‌ಡಿ ಕಾಲದ್ದನ್ನು ಕೇಳಿದ್ರೆ ಫೆಲೋಶಿಪ್ ಮೊತ್ತವನ್ನೇ ವರ್ಷಕ್ಕೆ ಲೆಕ್ಕ ಹಾಕಿ ‘ಸಂಶೋಧನಾ ಫೆಲೋಶಿಪ್’ ಅಂತ ಬರೆಯಿರಿ. 2023ರ ಜನವರಿಯಿಂದ ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋಶಿಪ್) ತಿಂಗಳಿಗೆ 42,000, ಅಂದ್ರೆ ಮನೆ ಬಾಡಿಗೆ ಭತ್ಯೆ ಬಿಟ್ಟು ವರ್ಷಕ್ಕೆ 5.04 ಲಕ್ಷ. ಈಗಿನದಕ್ಕೆ ಅತಿಥಿ ಉಪನ್ಯಾಸದ ಗೌರವಧನ ಇದ್ದಷ್ಟೇ. ಪೇಸ್ಲಿಪ್ ಇಲ್ಲದಿದ್ರೆ ಆದೇಶ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್ ಸಾಕು. ಉಬ್ಬಿಸಿ ಬರೆದ್ರೆ ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳ್ತೀರಿ.

ಮನೆಯಿಂದಲೇ ಓದಬಹುದಾದ್ದು ಪೇಟೆಂಟ್ ಏಜೆಂಟ್ (ಬೇರೆಯವರ ಪರ ಪೇಟೆಂಟ್ ಅರ್ಜಿ ಸಲ್ಲಿಸುವವರು) ಪರೀಕ್ಷೆ. ವಿಜ್ಞಾನದ ಪದವಿ ಸಾಕು, ಕಾನೂನು ಪದವಿ ಬೇಡ. 100 ಅಂಕದ ಎರಡು ಪತ್ರಿಕೆ, 50 ಅಂಕದ ಮೌಖಿಕ ಪರೀಕ್ಷೆ. ಪತ್ರಿಕೆಗೆ ಕನಿಷ್ಠ 50, ಒಟ್ಟು ಶೇ. 60. ಪ್ರತಿ ವರ್ಷ ತಪ್ಪದೆ ನಡೆಯುತ್ತೆ ಅಂತಿಲ್ಲ, ಅದನ್ನೇ ನಂಬಿ ಕೂರಬೇಡಿ.

ತರಬೇತಿ ಠೇವಣಿ ಅಂತ ದುಡ್ಡು ಕೇಳಿದ್ರೆ ಅಲ್ಲಿಗೇ ಬಿಟ್ಟುಬಿಡಿ. ಅಸಲು ಅಂಕಪಟ್ಟಿ ಯಾರಿಗೂ ಕೊಟ್ಟು ಬರಬೇಡಿ.

ಮೆಣಸಿನಬಳ್ಳಿ:
ತುಂಬಾ ಉಪಕಾರ ಆಯ್ತು. ಪರಿಚಯವೇ ಇಲ್ಲದ ರಫ್ತುದಾರರಿಗೆ ಮೊದಲ ಸಲ ಏನಂತ ಬರೆಯೋದು ಸರ್?

ಕ್ಯೂರಿಂಗ್ ಕಡೆಯವ:
ಬಯೋಡೇಟಾ ಲಗತ್ತಿಸಬೇಡಿ, ಕೆಲಸ ಕೊಡಿ ಅಂತಲೂ ಕೇಳಬೇಡಿ. ಇಷ್ಟು ಸಾಕು: ‘ನಮಸ್ಕಾರ ಸರ್. ನಾನು ಮೂಡಿಗೆರೆಯವಳು, ಸಸ್ಯರೋಗಶಾಸ್ತ್ರದಲ್ಲಿ ಪಿಎಚ್‌ಡಿ. ತೋಟಗಳ ಪಾಲಿಗನ್ ನಕ್ಷೆ ಮಾಡಲು ಕಲಿತಿದ್ದೇನೆ, ಒಂದು ಮಾದರಿ ಇಲ್ಲಿದೆ. ನಿಮ್ಮಲ್ಲಿ ಈ ಕೆಲಸ ಯಾರು ನೋಡಿಕೊಳ್ತಾರೆ, ಎಲ್ಲಿ ತೊಡಕಾಗ್ತಿದೆ ಅಂತ ಹದಿನೈದು ನಿಮಿಷ ಕೇಳಬಹುದೇ?’ ಕೊಯ್ಲಿನ ಸಮಯ, ಡಿಸೆಂಬರ್–ಜನವರಿಯಲ್ಲಿ ಮಾತ್ರ ಕಳಿಸಬೇಡಿ, ಯಾರೂ ಫೋನ್ ಎತ್ತಲ್ಲ.