ಲೀಸಿಗೆ ಇರುವವರ ಸಮೇತ ಫ್ಲ್ಯಾಟ್ ಕೊಳ್ಳಬಹುದಾ? ಅವರ 6 ಲಕ್ಷ ಯಾರು ಕೊಡಬೇಕು? (ಬಳ್ಳಾರಿ)

ಟೀಚರ್, ಬಳ್ಳಾರಿ — ಪ್ರಶ್ನೆ

ಎಲ್ಲರಿಗೂ ನಮಸ್ಕಾರ ರೀ.

ನಾನು ಇಲ್ಲೇ ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ನಮ್ಮ ಮನೆಯವರು ತೋರಣಗಲ್ಲಿಗೆ ಶಿಫ್ಟ್ ಕೆಲಸಕ್ಕೆ ಹೋಗುತ್ತಾರೆ. ಗಾಂಧಿನಗರದ ಕಡೆ ಎರಡು ಬೆಡ್‌ರೂಮಿನ ಹಳೇ ಫ್ಲ್ಯಾಟ್ ಒಂದನ್ನು ನೋಡಿದ್ದೇವೆ. ಎರಡನೇ ಮಹಡಿ, ಪಡುವಣ ಬಿಸಿಲು ಹೊಡೆಯುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಬಳ್ಳಾರಿಯಲ್ಲಿ ಇದ್ದವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಗೊತ್ತು. 38 ಲಕ್ಷಕ್ಕೆ ಮಾತಾಗಿದೆ. ಬ್ಯಾಂಕಿನಿಂದ 30 ಲಕ್ಷ ಸಾಲ ಕೇಳಿದ್ದೇವೆ. ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ.

ವಿಷಯ ಏನಂದರೆ, ಆ ಮನೆಯಲ್ಲಿ ಒಂದು ಕುಟುಂಬ ಲೀಸಿಗೆ ಇದೆ. 6 ಲಕ್ಷ ಕೊಟ್ಟು ಮೂರು ವರ್ಷಕ್ಕೆ ಬರೆಸಿಕೊಂಡಿದ್ದಾರೆ, ಬಾಡಿಗೆ ಇಲ್ಲ. ಇನ್ನೂ ಒಂದೂವರೆ ವರ್ಷ ಬಾಕಿ ಇದೆ. ಕರಾರು ಬರೀ ಸ್ಟಾಂಪ್ ಪೇಪರಿನ ಮೇಲೆ ಇದೆ, ರಿಜಿಸ್ಟರ್ ಆಗಿಲ್ಲ.

ಮಾರುವವರು ಹೈದರಾಬಾದಿನಲ್ಲಿದ್ದಾರೆ. ಅವರು ಹೇಳುವುದು ಹೀಗೆ: "ನೀವು ನನಗೆ 32 ಲಕ್ಷ ಕೊಡಿ ಸಾಕು. ಕ್ರಯಪತ್ರದಲ್ಲೂ 32 ಅಂತಲೇ ಬರೆಸೋಣ, ನಿಮಗೆ ರಿಜಿಸ್ಟ್ರೇಷನ್ ಖರ್ಚು ಉಳಿಯುತ್ತದೆ. ಲೀಸ್ ಮುಗಿದಾಗ 6 ಲಕ್ಷ ನೀವೇ ಅವರಿಗೆ ಕೊಟ್ಟುಬಿಡಿ." ಏಜೆಂಟ್ ಕೂಡ "ಇಸಿ (ಆಸ್ತಿಯ ಋಣಭಾರ ಪ್ರಮಾಣಪತ್ರ) ಕ್ಲೀನ್ ಇದೆ ಮೇಡಂ, ಲೀಸಿನವರ ಚಿಂತೆ ಬೇಡ, ಆ ಕಾಗದಕ್ಕೆ ಬೆಲೆಯೇ ಇಲ್ಲ" ಅಂತಾರೆ.

ನನಗೆ ಸಮಾಧಾನ ಇಲ್ಲ. ಆ ಮನೆಯ ಹುಡುಗಿ ಈ ವರ್ಷ ಎಸ್ಸೆಸ್ಸೆಲ್ಸಿ. ಮನೆ ನೋಡಲು ಹೋದಾಗ ಹಾಲಿನ ಮೂಲೆಯಲ್ಲಿ ಕೂತು ಲೆಕ್ಕ ಬಿಡಿಸುತ್ತಿದ್ದಳು. ಪರೀಕ್ಷೆ ಹತ್ತಿರ ಇರುವಾಗ ಮಕ್ಕಳ ಮನೆ ಬದಲಾದರೆ ಏನಾಗುತ್ತದೆ ಅಂತ ನಾನು ಕ್ಲಾಸಿನಲ್ಲಿ ಕಂಡಿದ್ದೇನೆ. ಅವರನ್ನು ಎಬ್ಬಿಸಿ ನಾವು ಹೋಗಿ ಕೂರುವುದು ನನಗೆ ಬೇಡ. ಹಾಗಂತ ನಾಳೆ 6 ಲಕ್ಷದ ಜಗಳವೂ ಬೇಡ. ತಿಳಿದವರು ದಾರಿ ಹೇಳಿ.

ಪತ್ರ ಬರೆಯುವವನು, ಕೊಪ್ಪಳ — ಉತ್ತರ

ಮೇಡಂ, ಅಡ್ವಾನ್ಸ್ ಕೊಡುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು.

ಮೊದಲು ಏಜೆಂಟರ ಮಾತು. ಇಸಿಯಲ್ಲಿ ಬರುವುದು ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿಯಾದ ವ್ಯವಹಾರ ಮಾತ್ರ. ಸ್ಟಾಂಪ್ ಪೇಪರಿನ ಲೀಸು ಅದರಲ್ಲಿ ಕಾಣುವುದೇ ಇಲ್ಲ. ಹಾಗಾಗಿ ಲೀಸಿನ ವಿಚಾರದಲ್ಲಿ ಇಸಿ ಕ್ಲೀನ್ ಅನ್ನುವುದು ಉತ್ತರವೇ ಅಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 3ನೇ ಕಲಮಿನಲ್ಲಿ ಒಂದು ವಿವರಣೆ ಇದೆ. ಮನೆಯಲ್ಲಿ ಯಾರೋ ವಾಸ ಇದ್ದರೆ, ಅವರಿಗೆ ಏನು ಹಕ್ಕಿದೆ ಅನ್ನುವುದು ಕೊಳ್ಳುವವರಿಗೆ ಗೊತ್ತಿತ್ತು ಅಂತಲೇ ಕಾನೂನು ಹಿಡಿಯುತ್ತದೆ. "ನನಗೆ ಗೊತ್ತಿರಲಿಲ್ಲ, ಮಾರಿದವರು ಹೇಳಲಿಲ್ಲ" ಅಂತ ಆಮೇಲೆ ಹೇಳಿದರೆ ನಡೆಯುವುದಿಲ್ಲ. ಆದ್ದರಿಂದ ಮಾರುವವರನ್ನು, ಏಜೆಂಟರನ್ನು ಬಿಟ್ಟು ನೀವೇ ಲೀಸಿನವರ ಹತ್ತಿರ ಕೂತು ಮಾತಾಡಿ. ಕರಾರಿನ ಜೆರಾಕ್ಸ್ ತೆಗೆದುಕೊಳ್ಳಿ. ನಿಜವಾಗಿ ಕೊಟ್ಟದ್ದು 6 ಲಕ್ಷವಾ, ನಡುವೆ ಮತ್ತೇನಾದರೂ ಸೇರಿಸಿ ಕೊಟ್ಟಿದ್ದಾರಾ, ಮನೆಯನ್ನು ಲೀಸಿನವರಿಗೇ ಮಾರುತ್ತೇನೆ ಅಂತ ಮಾಲೀಕರು ಏನಾದರೂ ಬರೆದುಕೊಟ್ಟಿದ್ದಾರಾ, ಎಲ್ಲ ಕೇಳಿ. ಈ ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ.

ಆ ಕಾಗದಕ್ಕೆ ಬೆಲೆ ಇಲ್ಲ ಅನ್ನುವುದು ಅರ್ಧ ಮಾತು. ಒಂದು ವರ್ಷ ಮೀರಿದ ಲೀಸನ್ನು ರಿಜಿಸ್ಟರ್ ಮಾಡಿಸಬೇಕು, ಅದು ಅದೇ ಕಾಯ್ದೆಯ 107ನೇ ಕಲಮು. ಮಾಡಿಸದಿದ್ದರೆ ಮೂರು ವರ್ಷದ ಅವಧಿಯನ್ನು ಕೋರ್ಟಿನಲ್ಲಿ ಸಾಧಿಸುವುದು ಅವರಿಗೆ ಕಷ್ಟ. ಆದರೆ ಅವರು ದುಡ್ಡು ಕೊಟ್ಟದ್ದು ಸುಳ್ಳಾಗುತ್ತದಾ? ಬ್ಯಾಂಕ್ ಖಾತೆಯಿಂದ ಹೋಗಿದ್ದರೆ ದಾಖಲೆ ಇದ್ದೇ ಇರುತ್ತದೆ. ದುಡ್ಡು ವಾಪಸ್ ಬರುವವರೆಗೆ ಯಾರೂ ಬೀಗದ ಕೈ ಕೊಡುವುದಿಲ್ಲ, ಕೊಡಲೂಬಾರದು. ಕೇಸು ಹಾಕಿದರೆ ವರ್ಷಗಟ್ಟಲೆ. ನಿಮ್ಮ ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಈಗ 32 ಮತ್ತು 38ರ ಮಾತು. ಕ್ರಯಪತ್ರದಲ್ಲಿ 38 ಲಕ್ಷವೇ ಬರೆಸಿ. ಮನೆಯ ಬೆಲೆ 38. ಅದರಲ್ಲಿ 6 ಲಕ್ಷ ಮಾರುವವರು ತೀರಿಸಬೇಕಾದ ಸಾಲ, ಅದನ್ನು ನೀವು ಅವರ ಪರವಾಗಿ ತೀರಿಸುತ್ತೀರಿ, ಅಷ್ಟೇ. 32 ಬರೆದರೆ ಬೆಲೆ ಮುಚ್ಚಿಟ್ಟಂತೆ. ಈಗ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು ಸರ್ಚಾರ್ಜು ಸೇರಿ ನಗರದಲ್ಲಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಹೋಗಿ ಶೇ 2 ಆಗಿದೆ. ಒಟ್ಟು ಶೇ 7.6. 38 ಲಕ್ಷಕ್ಕೆ 2,88,800 ರೂಪಾಯಿ. ಸರ್ಕಾರದ ಮಾರ್ಗಸೂಚಿ ಬೆಲೆ ಇದಕ್ಕಿಂತ ಜಾಸ್ತಿ ಇದ್ದರೆ ಅದರ ಮೇಲೆ ಲೆಕ್ಕ. 32 ಬರೆಸಿದರೆ 45,600 ಉಳಿಯಬಹುದು. ಆದರೆ ನಾಳೆ ನೀವು ಮಾರುವಾಗ ಕೊಂಡ ಬೆಲೆ 32 ಅಂತಲೇ ದಾಖಲೆಯಲ್ಲಿ ಇರುತ್ತದೆ, ಲಾಭದ ತೆರಿಗೆ ಆ 6 ಲಕ್ಷಕ್ಕೂ ಬೀಳುತ್ತದೆ. ಬ್ಯಾಂಕೂ 32ರ ಮೇಲೆಯೇ ಸಾಲದ ಲೆಕ್ಕ ಹಾಕುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಲೀಸಿನವರ 6 ಲಕ್ಷದ ಹೆಸರೇ ಪತ್ರದಲ್ಲಿ ಇರುವುದಿಲ್ಲ. ಅವರಿಗೂ ಆಧಾರ ಇಲ್ಲ, ನಿಮಗೂ ಇಲ್ಲ.

ನಾನಾಗಿದ್ದರೆ ಹೀಗೆ ಬರೆಯುತ್ತೇನೆ. 38 ಲಕ್ಷದಲ್ಲಿ 6 ಲಕ್ಷವನ್ನು ಲೀಸಿನವರ ಹೆಸರಿಗೇ ಡಿಡಿ ತೆಗೆದು, ಆ ಡಿಡಿ ನಂಬರನ್ನು ಕ್ರಯಪತ್ರದಲ್ಲಿ ಹಾಕುವುದು. ನೋಂದಣಿ ದಿನ ಮೂವರೂ ಒಂದೇ ಕಡೆ ಕೂರಬೇಕು. ಲೀಸಿನವರು ಒಪ್ಪಿಗೆದಾರರಾಗಿ ಸಹಿ ಹಾಕಿ, "ನನ್ನ ಲೀಸಿನ ಹಣ ಪೂರ್ತಿ ಬಂದಿದೆ, ಇನ್ನು ಈ ಮನೆಯ ಮೇಲೆ ನನ್ನದೇನೂ ಇಲ್ಲ" ಅಂತ ಒಪ್ಪಬೇಕು. ಮಗಳ ಪರೀಕ್ಷೆವರೆಗೆ ಇರಬೇಕು ಅಂದರೆ ಅದೇ ದಿನ ನಿಮ್ಮ ಜೊತೆ ಬೇರೆ ಬಾಡಿಗೆ ಕರಾರು ಆಗಲಿ. ಆಗ ಅವರು ನಿಮ್ಮ ಬಾಡಿಗೆದಾರರು. ಬಾಡಿಗೆ ಎಷ್ಟು, ಯಾವ ತಾರೀಕಿಗೆ ಬಿಡುತ್ತಾರೆ, ಎರಡೂ ಬರೆದಿರಲಿ.

ಒಂದೂವರೆ ವರ್ಷವೂ ಇರಲಿ ಅಂತ ನೀವು ಒಪ್ಪಿದರೂ ಲೆಕ್ಕ ಹಾಕಿಕೊಳ್ಳಿ. 30 ಲಕ್ಷಕ್ಕೆ 20 ವರ್ಷ, ಶೇ 8.5 ಬಡ್ಡಿ ಅಂದರೆ ತಿಂಗಳಿಗೆ ಸುಮಾರು 26 ಸಾವಿರ ಕಂತು. ಆ ಮನೆಯಿಂದ ಬಾಡಿಗೆ ಬರುವುದಿಲ್ಲ, ನೀವಿರುವ ಮನೆಗೆ ಬಾಡಿಗೆ ಕಟ್ಟುತ್ತಲೇ ಇರಬೇಕು. ಆ ಹೊರೆ ಹೊರುವುದಾದರೆ ಮಾರುವವರು ಬೆಲೆ ಇಳಿಸಲೇಬೇಕು. ಆಗ ಲೀಸಿನವರಿಗೆ ಕೊಡಬೇಕಾದ, ನಿಮ್ಮ ಹತ್ತಿರ ಉಳಿದ 6 ಲಕ್ಷವನ್ನು ಎಫ್‌ಡಿ ಇಟ್ಟು ಮುಟ್ಟಬೇಡಿ. ಪೇಂಟು, ಕಪಾಟು ಅಂತ ಖರ್ಚಾದರೆ ಆ ಮಗುವಿನ ಮನೆಯವರ ದುಡ್ಡೇ ಖರ್ಚಾದಂತೆ.

ಇನ್ನೊಂದು ಮಾತು. ಡಿಪಾಸಿಟ್ ವಾಪಸಾಗಲಿ, ಅಡ್ವಾನ್ಸ್ ಆಗಲಿ, 20,000 ಮತ್ತು ಮೇಲ್ಪಟ್ಟದ್ದು ನಗದಾಗಿ ಬೇಡ. ಆದಾಯ ತೆರಿಗೆ ಕಾನೂನು ಅದಕ್ಕೆ ಒಪ್ಪುವುದಿಲ್ಲ, ಅಷ್ಟೇ ಮೊತ್ತದ ದಂಡ ಬೀಳಬಹುದು.

ನಮ್ಮ ಕಡೆ ಫ್ಲ್ಯಾಟಿಗಿಂತ ಸೈಟು, ಮನೆಗಳ ಪತ್ರವೇ ಜಾಸ್ತಿ ಬರುವುದು. ಹಳೇ ಕಾಗದ ತೆಗೆದರೆ ನಿಜಾಮರ ಕಾಲದ ಉರ್ದು ಬರಹ ಸಿಗುತ್ತದೆ. ನಿಮ್ಮ ಬಳ್ಳಾರಿ 1953ರವರೆಗೆ ಮದ್ರಾಸಿನಲ್ಲಿ ಇತ್ತು, ಅಲ್ಲಿನ ಹಳೇ ಪತ್ರದ ರೀತಿಯೇ ಬೇರೆ. ಫ್ಲ್ಯಾಟಿನ ಕೆಳಗಿನ ಜಾಗದ ಮೂಲ ಪತ್ರಗಳನ್ನು ಬಳ್ಳಾರಿಯ ವಕೀಲರಿಗೇ ತೋರಿಸಿ.

ಲೀಸಿನಲ್ಲಿ ಇರುವವನು, ರಾಯಚೂರು — ಉತ್ತರ

ಅಕ್ಕಾ, ನಾನು ಶಕ್ತಿನಗರದಲ್ಲಿ ಕೆಲಸ ಮಾಡುತ್ತೇನೆ. ಊರಿನಲ್ಲಿ ಒಂದು ಮನೆಗೆ ಲೀಸಿಗೆ ಇದ್ದೇನೆ. ಆ ಕಡೆಯವರ ಮಾತನ್ನೂ ಹೇಳಬೇಕು ಅನ್ನಿಸಿತು.

ಆ 6 ಲಕ್ಷ ನಮ್ಮಂಥವರಿಗೆ ಬರೀ ಡಿಪಾಸಿಟ್ ಅಲ್ಲ. ಹೆಂಡತಿಯ ಬಂಗಾರ ಇಟ್ಟು, ಊರಲ್ಲಿ ಅಣ್ಣನ ಹತ್ತಿರ ಸಾಲ ಮಾಡಿ ಕೂಡಿಸಿದ ದುಡ್ಡು. ನಾನಿರುವ ಮನೆ ಮಾರಾಟವಾದಾಗ ಹಳೇ ಮಾಲೀಕರು "ಹೊಸಬರನ್ನು ಕೇಳು" ಅಂದರು, ಹೊಸಬರು "ನನಗೆ ಯಾರು ದುಡ್ಡು ಕೊಟ್ಟಿದ್ದಾರೆ" ಅಂದರು. ಎರಡು ಮನೆ ನಡುವೆ ಓಡಾಡಿ ರಾತ್ರಿ ನಿದ್ದೆ ಇರಲಿಲ್ಲ. ಕೊನೆಗೆ ಮೂವರೂ ಒಂದೇ ಕಾಗದಕ್ಕೆ ಸಹಿ ಹಾಕಿದ ಮೇಲೆಯೇ ಬಗೆಹರಿದದ್ದು. ಕೊಪ್ಪಳದ ಅಣ್ಣಾವ್ರು ಹೇಳಿದ ಡಿಡಿ ದಾರಿ ಅದಕ್ಕಿಂತ ಚೆನ್ನಾಗಿದೆ.

ಒಂದು ವಿನಂತಿ. ನೀವು ಮನೆ ಕೊಳ್ಳುತ್ತಿದ್ದೀರಿ ಅನ್ನುವುದನ್ನು ಅವರಿಗೆ ಏಜೆಂಟರಿಂದ ತಿಳಿಯಲು ಬಿಡಬೇಡಿ. ನೀವೇ ಹೋಗಿ ಹೇಳಿ. ಬೇರೆ ಲೀಸ್ ಮನೆ ಹುಡುಕಲು ಎರಡು ಮೂರು ತಿಂಗಳಾದರೂ ಬೇಕು. ದುಡ್ಡು ಕೈಗೆ ಬರುವ ತಾರೀಕು ಖಾತ್ರಿಯಾದರೆ ಅವರೇ ಹುಡುಕಲು ಶುರು ಮಾಡುತ್ತಾರೆ.

ಅಪಾರ್ಟ್‌ಮೆಂಟ್ ಸಂಘದ ಕೆಲಸ ಮಾಡಿದವರು, ಬಳ್ಳಾರಿ — ಉತ್ತರ

ಮೇಡಂ, ಸಂಘದಿಂದ ಬಾಕಿ ಇಲ್ಲ ಅನ್ನುವ ಪತ್ರ ತರಿಸಿ. ಲೀಸ್ ಮನೆಗಳಲ್ಲಿ ಮೇಂಟೆನೆನ್ಸ್ ಮಾಲೀಕರು ಕಟ್ಟಬೇಕಾ, ಲೀಸಿನವರಾ ಅನ್ನುವುದು ಸ್ಪಷ್ಟ ಇರುವುದಿಲ್ಲ, ಹಾಗೇ ಬಾಕಿ ಬೆಳೆಯುತ್ತದೆ. ಬೇಸಿಗೆಯ ಟ್ಯಾಂಕರ್ ನೀರಿನ ಖರ್ಚು ಬೇರೆ. ಜೆಸ್ಕಾಂ ಕರೆಂಟ್ ಬಿಲ್ಲು, ಪಾಲಿಕೆಯ ತೆರಿಗೆ ರಸೀದಿ ನೋಡಿ. ಇ-ಖಾತಾ (ಪಾಲಿಕೆಯ ಆನ್‌ಲೈನ್ ಆಸ್ತಿ ದಾಖಲೆ) ಮಾರುವವರ ಹೆಸರಿನಲ್ಲಿ ಇಲ್ಲದೆ ನೋಂದಣಿಗೆ ಹೋಗುವಂತಿಲ್ಲ, ಅದನ್ನು ಈಗಲೇ ಕೇಳಿ. ಕ್ರಯಪತ್ರದಲ್ಲಿ ಜಾಗದ ಅವಿಭಜಿತ ಪಾಲು (ಕಟ್ಟಡದ ಕೆಳಗಿನ ನೆಲದಲ್ಲಿ ನಿಮ್ಮ ಫ್ಲ್ಯಾಟಿಗೆ ಸೇರುವ ಭಾಗ) ಎಷ್ಟು ಚದರ ಅಡಿ ಅಂತ ಬರೆದಿರಲೇಬೇಕು. ಕಟ್ಟಡ ಹಳೆಯದಾದಷ್ಟೂ ನಿಮ್ಮ ಆಸ್ತಿಯ ಬೆಲೆ ಇರುವುದು ಅದರಲ್ಲಿಯೇ.

ಟೀಚರ್, ಬಳ್ಳಾರಿ

ಎಲ್ಲರಿಗೂ ಕೈಮುಗಿದು ಧನ್ಯವಾದ. ನಿನ್ನೆ ಸಂಜೆ ನಾವಿಬ್ಬರೂ ಅವರ ಮನೆಗೆ ಹೋಗಿದ್ದೆವು. ಕರಾರು ತೋರಿಸಿದರು, 6 ಲಕ್ಷವೇ, ಖಾತೆಯಿಂದಲೇ ಹೋಗಿದೆ. ಬೇರೆ ಬರವಣಿಗೆ ಏನೂ ಇಲ್ಲ. ನೋಂದಣಿ ದಿನ ಡಿಡಿ ಕೊಟ್ಟರೆ ಸಹಿ ಹಾಕುತ್ತೇವೆ, ಪರೀಕ್ಷೆ ಮುಗಿದ ಮೇಲೆ ಏಪ್ರಿಲ್ ಕೊನೆಗೆ ಬಿಡುತ್ತೇವೆ, ಅಲ್ಲಿಯವರೆಗೆ ಬಾಡಿಗೆ ಕೊಡುತ್ತೇವೆ ಅಂದರು. ಮಾರುವವರೂ ಫೋನಿನಲ್ಲಿ 38 ಬರೆಸಲು ಒಪ್ಪಿದ್ದಾರೆ.

ಒಂದೇ ಅನುಮಾನ. ಬೇರೆ ಮನೆಗೆ ಅಡ್ವಾನ್ಸ್ ಕೊಡಲು ಅವರಿಗೆ ಈಗಲೇ 1 ಲಕ್ಷ ಬೇಕಂತೆ. ನಾವು ಕೊಡಬಹುದಾ?

ಪತ್ರ ಬರೆಯುವವನು, ಕೊಪ್ಪಳ

ನೀವು ನೇರವಾಗಿ ಕೊಡಬೇಡಿ ಮೇಡಂ. ಮನೆ ಇನ್ನೂ ನಿಮ್ಮದಾಗಿಲ್ಲ. ಮೊದಲು ಮಾರುವವರ ಜೊತೆ ಖರೀದಿ ಕರಾರು ಮಾಡಿಕೊಂಡು ಅಡ್ವಾನ್ಸನ್ನು ಅವರ ಖಾತೆಗೆ ಹಾಕಿ. ಅದರಿಂದ ಅವರು 1 ಲಕ್ಷ ಲೀಸಿನವರಿಗೆ ಕಳಿಸಲಿ. ರಸೀದಿಯಲ್ಲಿ "ಲೀಸಿನ 6 ಲಕ್ಷದಲ್ಲಿ 1 ಲಕ್ಷ ಬಂದಿದೆ, ಬಾಕಿ 5 ಲಕ್ಷ" ಅಂತ ಬರೆಸಿ ಒಂದು ಪ್ರತಿ ನೀವು ಇಟ್ಟುಕೊಳ್ಳಿ. ನೋಂದಣಿ ದಿನದ ಡಿಡಿ 5 ಲಕ್ಷಕ್ಕೆ ಆಗಲಿ. ಬ್ಯಾಂಕಿನವರಿಗೂ ಈ ಏರ್ಪಾಡು ಮೊದಲೇ ತಿಳಿಸಿ, ಮನೆ ಖಾಲಿ ಇರಬೇಕು ಅಂತ ಅವರ ವಕೀಲರು ಕೇಳಬಹುದು. ಬಾಡಿಗೆ ಕರಾರಿನ ಕರಡು ತೋರಿಸಿದರೆ ಮಾತಾಡುವುದು ಸುಲಭ.